ದತ್ತು ಹೋದ ಖಂಡ

ಹೋದ ತಿಂಗಳು ಸಕಲೇಶಪುರದ ಕಡೆ ಒಂದು ಸರ್ಕಾರಿ ಶಾಲೆಗೆ ನನ್ನ ಹಳೇ ಸ್ಟೀರಿಯೋ ಮೈಕ್ರೋಸ್ಕೋಪ್ ಹೊತ್ಕೊಂಡು ಹೋಗಿದ್ದೆ. ಏಳನೇ ಕ್ಲಾಸಿನ ಮಕ್ಕಳು, ಸಾಲಾಗಿ ನಿಂತು ಒಬ್ಬೊಬ್ಬರೇ ಬಂದು ಬಗ್ಗಿ ನೋಡ್ತಿದ್ರು. ಕೆಳಗೆ ಇದ್ದಿದ್ದು ಒಂದು ಗೊದ್ದ. ಅದೇ, ಮನೆಯಲ್ಲಿ ಸಕ್ಕರೆ ಡಬ್ಬಿ ಹತ್ರ, ಅಂಗಳದ ತೆಂಗಿನ ಬುಡದಲ್ಲಿ ಓಡಾಡೋ ದೊಡ್ಡ ಕಪ್ಪಿರುವೆ, ಕ್ಯಾಂಪೊನೋಟಸ್ ಕಂಪ್ರೆಸಸ್, 1787ರಲ್ಲಿ ಫ್ಯಾಬ್ರಿಷಿಯಸ್ ಮೊದಲು ವಿವರಿಸಿದ ಜಾತಿ. ತ್ರಿಕೋನದ ಸಣ್ಣ ಕಾರ್ಡ್ ತುದಿಗೆ ಒಂದು ಚೂರು ಗೋಂದು ಹಾಕಿ, ಕಾಲುಗಳ ಬುಡದ ಮಧ್ಯೆ ಅಂಟೋ ಹಾಗೆ ಇರುವೆ ಕೂರಿಸಿ, ಕಾರ್ಡಿನ ಅಗಲದ ಕಡೆ ಪಿನ್ ಚುಚ್ಚಿ ನಿಲ್ಲಿಸಿದ್ದೆ. ಪಕ್ಕದಿಂದ ನೋಡಿದ್ರೆ ಇಡೀ ಮೈ ತಲೆಯಿಂದ ಬಾಲದವರೆಗೆ ಒಂದೇ ನೋಟಕ್ಕೆ ಸಿಗತ್ತೆ.

ಒಬ್ಬಳು ಹುಡುಗಿ ಸುಮಾರು ಹೊತ್ತು ಕಣ್ಣು ತೆಗೀಲೇ ಇಲ್ಲ. ಹಿಂದಿನವರು ತಳ್ಳಿದ್ರೂ ಜಗ್ಗಲಿಲ್ಲ. ಆಮೇಲೆ ತಲೆ ಎತ್ತಿ, "ಮಿಸ್, ಪುಸ್ತಕದಲ್ಲಿ ಇರೋ ಹಾಗೇ ಇದೆ, ತಲೆ ಒಂದು, ಎದೆಯಲ್ಲಿ ಮೂರು ತುಂಡು, ಆಮೇಲೆ ಒಂದು ಗಂಟು, ಆಮೇಲೆ ಹೊಟ್ಟೆ" ಅಂದ್ಲು. ನಾನು ಸರಿ ಅಂದೆ. ಕೀಟದ ಎದೆಗೆ ಮೂರು ಖಂಡ ಅಂತ ಪುಸ್ತಕ ಹೇಳತ್ತೆ, ಅವಳು ಬೆನ್ನ ಮೇಲಿನ ಗೆರೆ ನೋಡಿ ಮೂರು ಎಣಿಸಿದ್ದಾಳೆ, ಲೆಕ್ಕ ತಾಳೆ ಆಯ್ತು, ಮುಂದಿನ ಮಗು ಬಂತು.

ಆದ್ರೆ ಲೆಕ್ಕ ತಾಳೆಯಾದ್ರೂ ಅದು ತಪ್ಪು, ಅದು ನನಗೆ ಗೊತ್ತಿತ್ತು, ಗೊತ್ತಿದ್ದೂ ಸರಿ ಅಂದಿದ್ದೆ. ವಾಪಸ್ ಬರೋವಾಗ ಬಸ್ಸಲ್ಲಿ ಶಿರಾಡಿ ಕಡೆಯಿಂದ ಬರ್ತಿದ್ದ ಲಾರಿಗಳ ಸಾಲು ನೋಡ್ತಾ ಅದನ್ನೇ ಯೋಚಿಸ್ತಾ ಕೂತಿದ್ದೆ. ಅವಳು ಮೂರನೇದು ಅಂತ ಎಣಿಸಿದ ಆ ತುಂಡು ಎದೆನೇ ಅಲ್ಲ. ಅದು ಹೊಟ್ಟೆ. ಹೊಟ್ಟೆಯ ಮೊದಲನೇ ಖಂಡ.

ಇದನ್ನ ಹೇಗೆ ಹೇಳೋದು ಅಂತ ನಾನು ಹತ್ತು ಹದಿನೈದು ವರ್ಷದಿಂದ ಹುಡುಕ್ತಾ ಇದೀನಿ, ನನಗೆ ಸಿಕ್ಕ ಹತ್ತಿರದ ಮಾತು ದತ್ತು. ಒಂದು ಮನೆಯ ಹಿರೀ ಮಗ ಪಕ್ಕದ ಮನೆಗೆ ದತ್ತು ಹೋದ ಅಂತ ಇಟ್ಕೊಳ್ಳಿ. ಅಲ್ಲೇ ಊಟ, ಅಲ್ಲೇ ನಿದ್ದೆ, ಆ ಮನೆಯವರ ಹೆಸರೇ ಇವನಿಗೂ ಬಂತು, ಹೊರಗಿನವರು ಯಾರಾದ್ರೂ ನೋಡಿದ್ರೆ ಅವನು ಆ ಮನೆಯವನೇ. ಹುಟ್ಟಿದ ಮನೆಯಲ್ಲಿ ಎರಡನೆಯವನನ್ನೇ ಜನ ದೊಡ್ಡ ಮಗ ಅಂತ ಕರೆಯೋಕೆ ಶುರು ಮಾಡ್ತಾರೆ. ಇರುವೆ, ಜೇನು, ಕಣಜ, ಅಂದ್ರೆ ಸೊಂಟ ಸಣ್ಣಗಿರೋ ಆ ಇಡೀ ಬಳಗದಲ್ಲಿ ಆಗಿರೋದು ಇದೇ. ಇರುವೆ ಮರಿ ಹುಳುವಾಗಿದ್ದಾಗ ತಲೆ ಹಿಂದೆ ಎದೆಯ 3 ಖಂಡ, ಅದರ ಹಿಂದೆ ಹೊಟ್ಟೆಯ 10 ಖಂಡ, ಎಲ್ಲಾ ಒಂದರ ಹಿಂದೆ ಒಂದು ಕಡುಬಿನ ಹಾಗೆ ಇರತ್ತೆ. ಹುಳು ಬೆಳೆದು ಕೋಶಕ್ಕೆ ತಯಾರಾಗೋ ಹೊತ್ತಿಗೆ ಹೊಟ್ಟೆಯ ಮೊದಲನೇ ಖಂಡ ಮುಂದಕ್ಕೆ ಸರಿದು ಎದೆಗೆ ಬೆಸೆದುಕೊಂಡು ಬಿಡತ್ತೆ, ಅದರ ಹಿಂದೆ ಸೊಂಟ ಕಿರಿದಾಗತ್ತೆ. ದೊಡ್ಡ ಇರುವೆಯಲ್ಲಿ ಬೆಸುಗೆ ಎಷ್ಟು ಗಟ್ಟಿ ಅಂದ್ರೆ ಅದು ಬೇರೆ ಮನೆಯಿಂದ ಬಂದಿದ್ದು ಅಂತ ಮೇಲ್ನೋಟಕ್ಕೆ ಗೊತ್ತೇ ಆಗಲ್ಲ. ಅದೂ ಅಲ್ಲದೆ ಕೆಲಸದ ಇರುವೆಗೆ ರೆಕ್ಕೆ ಇಲ್ಲದ ಕಾರಣ ನಿಜವಾದ ಮೂರನೇ ಎದೆಖಂಡದ ಬೆನ್ನಿನ ಭಾಗ ಸವೆದು ಹೆಚ್ಚುಕಮ್ಮಿ ಒಂದು ತೋಡಿನ ಹಾಗೆ ಉಳಿದಿರತ್ತೆ. ಹಾಗಾಗಿ ಬೆನ್ನ ಮೇಲೆ ಮೂರು ಅಂತ ಎಣಿಸಿದ್ರೆ ಮೂರೇ ಬರತ್ತೆ, ಮೂರನೆಯದು ಮಾತ್ರ ದತ್ತು ಬಂದವನು.

ಅದರ ಹೆಸರು ಪ್ರೊಪೋಡಿಯಮ್. ಇವತ್ತಿನ ಹೆಸರು ಅದು. ಹಳೇ ಪುಸ್ತಕ ತೆಗೆದ್ರೆ ಎಪಿನೋಟಮ್ ಅಂತ ಸಿಗತ್ತೆ, ಅಮೆರಿಕದ ವಿಲಿಯಂ ಮಾರ್ಟನ್ ವೀಲರ್ ಕಾಲದ ಬರಹ ಪೂರ್ತಿ ಎಪಿನೋಟಮ್. ಇನ್ನೂ ಕೆಲವರು ಮೀಡಿಯನ್ ಸೆಗ್ಮೆಂಟ್ ಅಂದ್ರು, ಕೆಲವರು ಫ್ರೆಂಚ್ ವಿಜ್ಞಾನಿಯ ನೆನಪಿಗೆ ಲ್ಯಾಟ್ರೆಯ್‌ನ ಸೆಗ್ಮೆಂಟ್ ಅಂದ್ರು. ವಸ್ತು ಒಂದೇ. ಅದು ಸೇರ್ಕೊಂಡಿರೋ ಇಡೀ ಮಧ್ಯದ ಭಾಗಕ್ಕೆ ಥೋರಾಕ್ಸ್, ಅಂದ್ರೆ ಎದೆ, ಅನ್ನೋಕೆ ಆಗಲ್ಲ, ಯಾಕಂದ್ರೆ ಅದರಲ್ಲಿ ಹೊಟ್ಟೆಯ ತುಂಡು ಇದೆ, ಹಾಗಾಗಿ ಅಲಿಟ್ರಂಕ್ ಅಂದ್ರು. ಅಲಿ ಅಂದ್ರೆ ರೆಕ್ಕೆ, ರೆಕ್ಕೆಯೇ ಇಲ್ಲದ ಕೆಲಸದ ಇರುವೆಗೂ ಅದೇ ಹೆಸರು. ಈಗ ಹೆಚ್ಚಿನವರು ಮೀಸೋಸೋಮ ಅಂತಾರೆ, ಮಧ್ಯದ ಮೈ ಅಂತ ಅರ್ಥ, ನನಗೂ ಅದೇ ವಾಸಿ ಅನ್ಸತ್ತೆ, ಆದ್ರೆ ಚೇಳಿನವರ ಹತ್ರ ಹೋಗಿ ಮೀಸೋಸೋಮ ಅಂದ್ರೆ ಅವರಿಗೆ ಅದು ಹೊಟ್ಟೆಯ ಮುಂದಿನ ಅಗಲವಾದ ಭಾಗ, ಮೆಟಾಸೋಮ ಅಂದ್ರೆ ಕೊಂಡಿ ಇರೋ ಬಾಲ. ಒಂದೇ ಕಟ್ಟಡದಲ್ಲಿ ಎರಡು ಬಾಗಿಲಾಚೆ ಕೂತ ಇಬ್ಬರು ಒಂದೇ ಪದ ಹೇಳಿ ಬೇರೆ ಬೇರೆ ಜಾಗ ತೋರಿಸ್ತಾರೆ.

ಹೆಸರು ಹಳೇದಾದ್ರೆ ಏನಂತೆ, ಇವತ್ತಿನದನ್ನ ಕಲಿತ್ರೆ ಆಯ್ತಲ್ಲ ಅಂತ ನಾನೂ ಅಂದ್ಕೊಂಡಿದ್ದೆ, ಓದೋಕೆ ಸೇರಿದ ಹೊಸದರಲ್ಲಿ. ನಮ್ಮ ದೇಶದ ಇರುವೆ ಗುರುತಿಸೋಕೆ ಹೊರಟ ಯಾರಾದ್ರೂ ಒಂದಲ್ಲ ಒಂದು ದಿನ ಬಿಂಗ್‌ಹ್ಯಾಮ್ ಪುಸ್ತಕ ತೆಗೀಲೇಬೇಕು. 1903ರಲ್ಲಿ ಬಂದ ಬ್ರಿಟಿಷ್ ಇಂಡಿಯಾದ ಪ್ರಾಣಿಸಂಕುಲದ ಸಂಪುಟ ಅದು, ನೂರಿಪ್ಪತ್ತು ವರ್ಷ ಆದ್ರೂ ನಮ್ಮ ಕಡೆಯ ಎಷ್ಟೋ ಜಾತಿಗೆ ಅದಕ್ಕಿಂತ ಪೂರ್ತಿಯಾದ ವಿವರಣೆ ಇವತ್ತಿಗೂ ಒಂದೇ ಕಡೆ ಸಿಗಲ್ಲ. ಆ ಪುಸ್ತಕದಲ್ಲಿ ಪೆಡಿಸೆಲ್ ಅಂತ ಪದೇ ಪದೇ ಬರತ್ತೆ. ನಾನು ಆಗಷ್ಟೇ ಕಲಿತಿದ್ದ ಪಾಠದ ಪ್ರಕಾರ ಪೆಡಿಸೆಲ್ ಅಂದ್ರೆ ಮೀಸೆಯ, ಅಂದ್ರೆ ಆಂಟೆನಾದ, ಎರಡನೇ ಸೆಗ್ಮೆಂಟ್. ಇರುವೆ ಮೀಸೆ ಮೊಣಕೈ ಮಡಿಸಿದ ಹಾಗೆ ಇರತ್ತಲ್ಲ, ಬುಡದ ಉದ್ದ ತುಂಡು ಸ್ಕೇಪ್, ಮಡಿಸಿದ ಜಾಗದಲ್ಲಿ ಇರೋ ಪುಟ್ಟದು ಪೆಡಿಸೆಲ್, ಅಲ್ಲಿಂದ ಮುಂದೆ ಫ್ಲಾಜೆಲಮ್. ಸರಿ, ನಾನು ಮೂರು ದಿನ ಒಂದು ಪಾಲಿರಾಕಿಸ್ ಇರುವೆಯ ಮೀಸೆ ಬುಡ ನೋಡ್ತಾ ಕೂತೆ. ಪುಸ್ತಕದಲ್ಲಿ ಪೆಡಿಸೆಲ್ ಮೇಲೆ ಮುಳ್ಳು ಇದೆ ಅಂತಿದೆ, ನನ್ನ ಇರುವೆಯ ಪೆಡಿಸೆಲ್ ಮೇಲೆ ಮುಳ್ಳಿರಲಿ, ಒಂದು ಕೂದಲು ಬಿಟ್ರೆ ಏನೂ ಇಲ್ಲ. ಬೆಳಕು ಆ ಕಡೆಯಿಂದ ಬಿಟ್ಟೆ, ಈ ಕಡೆಯಿಂದ ಬಿಟ್ಟೆ, ಬೇರೆ ಮಾದರಿ ತೆಗೆದೆ, ಇದು ಬಹುಶಃ ಬೇರೆ ಜಾತಿ ಅಂತ ನೋಟ್‌ಬುಕ್ಕಲ್ಲಿ ಬರೆದೂ ಇಟ್ಟೆ. ನಾಲ್ಕನೇ ದಿನ ನಮ್ಮ ಗೈಡ್ ಸರ್ ಬಂದು, ಅವನು ಪೆಡಿಸೆಲ್ ಅಂತ ಹೇಳ್ತಿರೋದು ಸೊಂಟಕ್ಕಮ್ಮಾ, ನಾವು ಪೆಟಿಯೋಲ್ ಅಂತೀವಲ್ಲ ಅದಕ್ಕೆ, ಅಂದ್ರು. ಸೊಂಟದ ಮೇಲೆ ನೋಡಿದ್ರೆ ಮೀನಿನ ಗಾಳದ ಹಾಗೆ ಬಾಗಿರೋ ಎರಡು ಮುಳ್ಳು, ಅಷ್ಟು ದಿನ ಕಣ್ಣೆದುರೇ ಇತ್ತು.

ಪೆಟಿಯೋಲ್, ಪೆಡಿಸೆಲ್, ಪೆಡಂಕಲ್, ಈ ಮೂರೂ ಲ್ಯಾಟಿನ್‌ನಲ್ಲಿ ಪುಟ್ಟ ಕಾಲು ಅನ್ನೋ ಅರ್ಥದ ಪದಗಳಿಂದಲೇ ಬಂದಿರೋದು, ಕಾಲು ಅಂದ್ರೆ ಇಲ್ಲಿ ತೊಟ್ಟು, ದಂಟು. ಮೂರೂ ಇರುವೆ ಮೇಲೆ ಇದೆ, ಮೂರೂ ಬೇರೆ ಬೇರೆ ಕಡೆ ಇದೆ. ಪೆಟಿಯೋಲ್ ಸೊಂಟ, ಪೆಡಂಕಲ್ ಅದೇ ಸೊಂಟದ ಮುಂದಿನ ಸಣಕಲು ಭಾಗ, ಪೆಡಿಸೆಲ್ ಮೀಸೆಯಲ್ಲಿ. ನೆನಪಿಟ್ಕೊಳ್ಳೋಕೆ ಯಾವ ದಾರಿಯೂ ಇಲ್ಲ, ಬಾಯಿಪಾಠ ಅಷ್ಟೇ. ಮೀಸೆಯಲ್ಲೇ ಇನ್ನೊಂದಿದೆ, ಫ್ಯುನಿಕ್ಯುಲಸ್ ಅಂತ, ಇರುವೆಯವರಿಗೆ ಅದು ಸ್ಕೇಪ್ ಬಿಟ್ಟು ಉಳಿದಿದ್ದೆಲ್ಲಾ, ಆದ್ರೆ ಚಾಲ್ಸಿಡ್ ಅನ್ನೋ ಪುಟ್ಟ ಕಣಜಗಳನ್ನ ಓದೋರಿಗೆ ತುದಿಯ ಗದೆಯನ್ನೂ ಬುಡದ ತುಂಡುಗಳನ್ನೂ ಬಿಟ್ಟು ಮಧ್ಯದ್ದು ಮಾತ್ರ. ಇದೆಲ್ಲಾ ಪಂಡಿತರ ಜಗಳ ಅನ್ನಿಸಬಹುದು ಆದ್ರೆ ಮೀಸೆಯ ಸೆಗ್ಮೆಂಟ್ ಎಣಿಸೋದ್ರಲ್ಲೇ ಎಷ್ಟೋ ಇರುವೆ ಗುರುತು ನಿಂತಿರೋದು. ತೋಟಕ್ಕೆ ನುಗ್ಗೋ ಹಳದಿ ಹುಚ್ಚಿರುವೆ ಅನೋಪ್ಲೋಲೆಪಿಸ್‌ಗೆ 11, ಅಡುಗೆ ಮನೆಯಲ್ಲಿ ದಿಕ್ಕುಗೆಟ್ಟ ಹಾಗೆ ಓಡಾಡೋ ಉದ್ದ ಮೀಸೆಯ ಪ್ಯಾರಾಟ್ರೆಕಿನಾಗೆ 12. ಸ್ಕೇಪ್ ಸೇರಿಸಿ ಎಣಿಸಿದ್ರಾ ಬಿಟ್ಟು ಎಣಿಸಿದ್ರಾ ಅನ್ನೋ ಒಂದರಲ್ಲಿ ಎರಡು ಬೇರೆ ಇರುವೆ ಅದಲು ಬದಲಾಗತ್ತೆ, ಅದರ ಹಿಂದೆ ಹೋಗೋ ಹತೋಟಿ ಸಲಹೆಯೂ ಅದಲು ಬದಲಾಗತ್ತೆ.

ಈ ಪೆಡಿಸೆಲ್ ವಿಷಯ ಮೂರು ದಿನದ ನಷ್ಟ, ಹೋಗ್ಲಿ. ನನಗೆ ನಿಜವಾಗ್ಲೂ ಪೆಟ್ಟು ಬಿದ್ದಿದ್ದು ಗ್ಯಾಸ್ಟರ್‌ನಲ್ಲಿ.

ಸೊಂಟದ ಹಿಂದೆ ದಪ್ಪಗೆ ಕಾಣತ್ತಲ್ಲ, ಎಲ್ಲರೂ ಹೊಟ್ಟೆ ಅನ್ನೋ ಭಾಗ, ಅದಕ್ಕೆ ಗ್ಯಾಸ್ಟರ್ ಅಂತಾರೆ. ಹೊಟ್ಟೆ ಅನ್ನೋಕಾಗಲ್ಲ ಯಾಕಂದ್ರೆ ಹೊಟ್ಟೆಯ ಮೊದಲನೇ ಖಂಡ ಎದೆಗೆ ದತ್ತು ಹೋಗಿದೆ, ಎರಡನೇದು ಸೊಂಟ ಆಗಿದೆ, ಉಳಿದಿದ್ದಕ್ಕೆ ಈ ಹೆಸರು. ಸರಿ, ಇಷ್ಟಕ್ಕೇ ನಿಂತಿದ್ರೆ ಏನೂ ತೊಂದರೆ ಇರ್ಲಿಲ್ಲ. ಆದ್ರೆ ಗೊದ್ದಕ್ಕೆ, ಚಗಳಿಗೆ ಸೊಂಟದಲ್ಲಿ ಒಂದೇ ಗಂಟು. ಹೊಲದಲ್ಲಿ ಕಾಳು ಹೊರೋ ಪುಟ್ಟ ಫೀಡೋಲೆಗೆ, ಮರದ ಮೇಲೆ ಸಗಣಿ ಮೆತ್ತಿದ ಹಾಗೆ ಗೂಡು ಕಟ್ಟೋ ಕ್ರೆಮ್ಯಾಟೋಗ್ಯಾಸ್ಟರ್‌ಗೆ, ಉರಿ ಹತ್ತಿಸೋ ಸೊಲೆನಾಪ್ಸಿಸ್‌ಗೆ ಎರಡು ಗಂಟು. ಈ ಎರಡನೇ ಗಂಟು ಎಲ್ಲಿಂದ ಬಂತು? ಹೊಟ್ಟೆಯ ಮೂರನೇ ಖಂಡ ಅದು, ಕಿರಿದಾಗಿ ಸೊಂಟಕ್ಕೆ ಸೇರ್ಕೊಂಡಿದೆ. ಅಂದ್ರೆ ಒಂದು ಗಂಟಿನ ಇರುವೆಯಲ್ಲಿ ಗ್ಯಾಸ್ಟರ್ ಶುರುವಾಗೋದು ಮೂರನೇ ಖಂಡದಿಂದ, ಎರಡು ಗಂಟಿನದ್ರಲ್ಲಿ ನಾಲ್ಕನೇ ಖಂಡದಿಂದ. ಗ್ಯಾಸ್ಟರ್ ಮೇಲೆ ಒಂದೊಂದು ಖಂಡವೂ ಒಂದೊಂದು ಪಟ್ಟಿಯ ಹಾಗೆ ಕಾಣತ್ತೆ, ಗ್ಯಾಸ್ಟರ್‌ನ ಮೊದಲನೇ ಪಟ್ಟಿ ಅಂತ ಇಬ್ಬರು ಬರೆದ್ರೆ ಒಬ್ಬರು ಒಂದನ್ನ ಹೇಳ್ತಿದಾರೆ ಇನ್ನೊಬ್ಬರು ಇನ್ನೊಂದನ್ನ.

ನನ್ನ ಪ್ರಬಂಧಕ್ಕೆ ನಾನು ಒಂದು ಟೇಬಲ್ ಮಾಡಿದ್ದೆ. ನಮ್ಮ ಕಡೆಯ ಕೆಲವು ಇರುವೆ ಕುಲಗಳ ಅಳತೆ, ಮೈ ಮೇಲಿನ ಕೆತ್ತನೆ, ಕೂದಲು, ಹೀಗೆ. ಅದರಲ್ಲಿ ಒಂದು ಕಾಲಂ ಗ್ಯಾಸ್ಟರ್ ಮೊದಲ ಪಟ್ಟಿಯ ಉದ್ದ. ಕ್ಯಾಂಪೊನೋಟಸ್, ಡಯಾಕಾಮ, ಫೀಡೋಲೆ, ಕ್ರೆಮ್ಯಾಟೋಗ್ಯಾಸ್ಟರ್, ಎಲ್ಲವೂ ಒಂದೇ ಕಾಲಂ. ನಾಲ್ಕು ತಿಂಗಳು, ರಾತ್ರಿ ಲ್ಯಾಬ್ ಬೀಗ ಹಾಕೋವರೆಗೂ ಕೂತು ಅಳೆದಿದ್ದು, ಐಪೀಸ್‌ನ ಸ್ಕೇಲ್ ನೋಡಿ ನೋಡಿ ಕಣ್ಣು ಮುಚ್ಚಿದ್ರೂ ಗೆರೆ ಕಾಣೋದು. ಡ್ರಾಫ್ಟ್ ತೋರಿಸೋಕೆ ಹೋದಾಗ ಸರ್ ಆ ಕಾಲಂ ಮೇಲೆ ಪೆನ್ಸಿಲ್ ಇಟ್ಟು ಕೇಳಿದ್ದು ಒಂದೇ ಪ್ರಶ್ನೆ, "ಯಾವ ಮೊದಲನೇದು?" ಕೋಪ ಇರ್ಲಿಲ್ಲ ಅವರ ದನಿಯಲ್ಲಿ. ನಾನು ಮೇಲಿನ ಎರಡು ಸಾಲಲ್ಲಿ ಮೂರನೇ ಖಂಡ ಅಳೆದಿದ್ದೆ, ಕೆಳಗಿನ ಎರಡು ಸಾಲಲ್ಲಿ ನಾಲ್ಕನೇ ಖಂಡ, ಎರಡನ್ನೂ ಹೋಲಿಸಿ ವ್ಯತ್ಯಾಸದ ಬಗ್ಗೆ ಒಂದು ಪುಟ ಬರೆದಿದ್ದೆ. ಅಣ್ಣನ ಎತ್ತರ ತಮ್ಮನ ಎತ್ತರ ಅಳೆದು ಒಬ್ಬನೇ ಬೆಳೆದಿದಾನೆ ಅಂದ ಹಾಗೆ. ಆ ಕಾಲಂ ಪೂರ್ತಿ ಹೊಡೆದು ಹಾಕಿ ಮತ್ತೆ ಅಳೆದೆ. ಪದದ ಬಗ್ಗೆ ನನಗೆ ಈ ಹಠ ಬಂದಿದ್ದು ಆ ದಿನದಿಂದ.

ಹುಟ್ಟಿನ ಲೆಕ್ಕದಲ್ಲಿ ಎಣಿಸಿದ್ರೆ ಎಷ್ಟು ಚೆನ್ನಾಗಿ ತಾಳೆ ಬರತ್ತೆ ನೋಡಿ. ಗೊದ್ದ: ಪ್ರೊಪೋಡಿಯಮ್ 1, ಸೊಂಟದ ಗಂಟು 1, ಗ್ಯಾಸ್ಟರ್ ಮೇಲೆ ಕಾಣೋ ಪಟ್ಟಿ 5, ಒಟ್ಟು 7. ಫೀಡೋಲೆ: ಪ್ರೊಪೋಡಿಯಮ್ 1, ಗಂಟು 2, ಪಟ್ಟಿ 4, ಅದೂ 7. ಅದರ ಹಿಂದಿನವು ಒಳಗೆ ಸೇರಿ ಕುಟುಕೋ ಸಾಮಾನಿಗೆ ಕೆಲಸ ಮಾಡ್ತವೆ, ಹೊರಗೆ ಕಾಣಲ್ಲ. ಇದನ್ನ ಮೊದಲ ಸಲ ನಾನೇ ಎರಡು ಇರುವೆ ಪಕ್ಕ ಪಕ್ಕ ಇಟ್ಟು ಎಣಿಸಿ ಏಳು, ಏಳು ಅಂತ ಬಂದಾಗ ಆದ ಖುಷಿ ಇವತ್ತಿಗೂ ಹಾಗೇ ಇದೆ.

ಎಣಿಕೆ ತಾಳೆ ಬರೋದು ಬರೀ ಖುಷಿಗಲ್ಲ. ಇರುವೆಗಳಲ್ಲಿ ಅನೇಕವು ಸದ್ದು ಮಾಡ್ತವೆ, ನಮ್ಮ ಕಿವಿಗೆ ಅಷ್ಟಾಗಿ ಕೇಳಲ್ಲ, ಮೈಯ ಒಂದು ಪಟ್ಟಿಯ ಮೇಲೆ ಅರದ ಹಾಗೆ ನವಿರು ಗೆರೆ ಇರತ್ತೆ, ಪಕ್ಕದ ಪಟ್ಟಿಯ ಅಂಚು ಅದರ ಮೇಲೆ ಉಜ್ಜತ್ತೆ, ಮಣ್ಣು ಕುಸಿದು ಹೂತುಹೋದ ಎಲೆಕತ್ತರಿ ಇರುವೆ ಹೀಗೆ ಸದ್ದು ಮಾಡಿದ್ರೆ ಮೇಲಿನವು ಬಂದು ತೋಡ್ತವೆ ಅಂತ ಅರವತ್ತರ ದಶಕದಲ್ಲೇ ಜರ್ಮನಿಯ ಮಾರ್ಕ್ಲ್ ತೋರಿಸಿದ್ರು. ಈ ಅರ ಎಲ್ಲಿದೆ? ಎರಡು ಗಂಟಿನ ಇರುವೆ ನೋಡಿ ಬರೆದವರು, ಎರಡನೇ ಗಂಟಿಗೂ ಗ್ಯಾಸ್ಟರ್‌ಗೂ ಮಧ್ಯೆ ಅಂತಾರೆ. ಪೊನೆರಿನೆ ಅನ್ನೋ ಗುಂಪಿನ ಒಂದು ಗಂಟಿನ ಇರುವೆ ನೋಡಿದವರು ಗ್ಯಾಸ್ಟರ್‌ನ ಒಂದನೇ ಎರಡನೇ ಪಟ್ಟಿ ಮಧ್ಯೆ ಅಂತಾರೆ. ಓದಿದ್ರೆ ಎರಡು ಬೇರೆ ಬೇರೆ ಕಡೆ ಹುಟ್ಟಿದ ಎರಡು ವಾದ್ಯ ಅನ್ಸತ್ತೆ. ಹುಟ್ಟಿನ ಎಣಿಕೆಯಲ್ಲಿ ಬರೀರಿ: ಎರಡೂ ಕಡೆ ಹೊಟ್ಟೆಯ ಮೂರನೇ ಖಂಡಕ್ಕೂ ನಾಲ್ಕನೇ ಖಂಡಕ್ಕೂ ಮಧ್ಯೆ, ಅರ ನಾಲ್ಕನೆಯದರ ಮೇಲೆ, ಉಜ್ಜೋ ಅಂಚು ಮೂರನೆಯದರದ್ದು. ಜಾಗ ಒಂದೇ! ಈ ಸಾಲು ಮೊದಲ ಸಲ ಅರ್ಥ ಆದಾಗ ನಾನು ಕುರ್ಚಿಯಿಂದ ಎದ್ದು ಲ್ಯಾಬ್ ತುಂಬಾ ಓಡಾಡಿದ್ದೆ. ಪದ ಬದಲಾದ ಮಾತ್ರಕ್ಕೆ ಇರುವೆ ಬದಲಾಗಲಿಲ್ಲ, ಆದ್ರೆ ಅಲ್ಲಿವರೆಗೂ ಕಾಣದೇ ಇದ್ದ ಸಂಬಂಧ ಕಾಣೋಕೆ ಶುರುವಾಯ್ತು.

ಇದಕ್ಕೇ ನಾನು ಹೇಳೋದು, ಅಂಗದ ಹೆಸರು ಬರೀ ಚೀಟಿ ಅಲ್ಲ ಅಂತ. ಪ್ರೊಪೋಡಿಯಮ್ ಅಂತ ಬರೆದ್ರೆ ಇದು ಹೊಟ್ಟೆಯಿಂದ ಬಂದಿದ್ದು ಅಂತ ಸಾಕ್ಷಿ ಹೇಳಿದ ಹಾಗೆ.

ಸಾಕ್ಷಿ ಅಂದ ಕೂಡಲೇ ನನಗೆ ಜೆರ್ಡನ್ ನೆನಪಾಗ್ತಾರೆ. ಥಾಮಸ್ ಜೆರ್ಡನ್, ಮದ್ರಾಸ್ ಕಡೆ ಕಂಪನಿ ಸರ್ಕಾರದ ಡಾಕ್ಟರ್, ಹಕ್ಕಿಯವರಿಗೆ ಚೆನ್ನಾಗಿ ಗೊತ್ತಿರೋ ಹೆಸರು. ಅವರು 1851ರಲ್ಲಿ ದಕ್ಷಿಣ ಭಾರತದ ಇರುವೆಗಳ ಪಟ್ಟಿ ಒಂದನ್ನ ಮದ್ರಾಸ್ ಜರ್ನಲ್‌ನಲ್ಲಿ ಹಾಕಿದ್ರು. ನಮ್ಮ ಘಟ್ಟದಲ್ಲಿ ಚಂಗನೆ ಎಗರೋ ಆ ಉದ್ದ ದವಡೆಯ ಇರುವೆ, ಹಾರ್ಪೆಗ್ನಾಥಸ್ ಸಾಲ್ಟೇಟರ್, ಅದರ ಮೊದಲ ವಿವರಣೆ ಅವರದ್ದೇ. ಈಗ ತೊಂದರೆ ಏನಂದ್ರೆ ಅವರು ಕೈಯಲ್ಲಿ ಹಿಡಿದು ನೋಡಿದ ಇರುವೆಗಳಲ್ಲಿ ಎಷ್ಟೋ ಮಾದರಿಗಳು ಇವತ್ತು ಯಾವ ಮ್ಯೂಸಿಯಂನಲ್ಲೂ ಸಿಗ್ತಿಲ್ಲ. ಉಳಿದಿರೋದು ಅವರು ಬರೆದ ಕೆಲವು ಸಾಲು. ಹಾರ್ಪೆಗ್ನಾಥಸ್ ಆದ್ರೆ ಯಾರೂ ತಪ್ಪೋ ಹಾಗಿಲ್ಲ, ಅಂಥ ದವಡೆ, ಅಂಥ ಕಣ್ಣು, ಅಂಥ ನೆಗೆತ ಇನ್ನೊಂದಕ್ಕಿಲ್ಲ. ಆದ್ರೆ ಸಣ್ಣ ಕಂದು ಇರುವೆಯೊಂದಕ್ಕೆ ಎದೆ ಹೀಗಿದೆ, ಹೊಟ್ಟೆ ಹೀಗಿದೆ ಅಂತ ಬರೆದಿದ್ರೆ ಆ ಎದೆ ಎಲ್ಲಿ ಮುಗೀತು, ಆ ಹೊಟ್ಟೆ ಎಲ್ಲಿ ಶುರುವಾಯ್ತು ಅಂತ ಕೇಳೋಕೆ ಯಾರೂ ಇಲ್ಲ. ನಾವು ಇವತ್ತು ಬರೆಯೋ ವಿವರಣೆಗೂ ನೂರೈವತ್ತು ವರ್ಷ ಆದ್ಮೇಲೆ ಇದೇ ಗತಿ ಬರಬಹುದು. ಮಾದರಿಗೆ ಫಂಗಸ್ ಹಿಡಿಯತ್ತೆ, ಮಳೆಗಾಲದಲ್ಲಿ ಪೆಟ್ಟಿಗೆಯ ಒಳಗೆ ಬೇರೆ ಹುಳ ಸೇರಿ ತಿಂದು ಪುಡಿ ಮಾಡತ್ತೆ, ಇದನ್ನ ಕಣ್ಣಾರೆ ನೋಡಿದೀನಿ.

ಪ್ರಾಣಿಗಳ ವೈಜ್ಞಾನಿಕ ಹೆಸರಿಗೆ ಅಂತರರಾಷ್ಟ್ರೀಯ ನಿಯಮ ಇದೆ, ಯಾವ ಹೆಸರು ನಿಲ್ಲಬೇಕು ಯಾವುದು ಬೀಳಬೇಕು ಅಂತ ತೀರ್ಮಾನ ಮಾಡೋ ಕಮಿಷನ್ ಇದೆ. ಅಂಗಗಳ ಹೆಸರಿಗೆ ಅಂಥದ್ದಿಲ್ಲ. ಮನುಷ್ಯರ ದೇಹಕ್ಕಾದ್ರೆ 1895ರಲ್ಲೇ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಕೂತು ಒಂದು ಪಟ್ಟಿ ಒಪ್ಕೊಂಡ್ರು, ಕೀಟಕ್ಕೆ ಹಾಗೆ ಎಲ್ಲರೂ ಕಟ್ಟುಬೀಳೋ ಪಟ್ಟಿ ಆಗಲೇ ಇಲ್ಲ. ಟೋರೆ ಬ್ಯುವೆನೊ ಅವರ ಕೀಟಶಾಸ್ತ್ರ ಪದಕೋಶ 1937ರಲ್ಲಿ ಬಂತು, ಸ್ನಾಡ್‌ಗ್ರಾಸ್ ಅವರು ಜೇನು, ಕಣಜಗಳ ಎದೆ ಕೊಯ್ದು ನೋಡಿ ಬರೆದ ಚಿತ್ರಗಳಿಂದ ಎಷ್ಟೋ ಗೊಂದಲ ತಿಳಿಯಾಯ್ತು, 1979ರಲ್ಲಿ ಹ್ಯಾರಿಸ್ ಅನ್ನೋರು ಮೈ ಮೇಲಿನ ಕೆತ್ತನೆಗೆ ಮಾತ್ರ ಒಂದು ಪದಪಟ್ಟಿ ಮಾಡಿದ್ರು, ಚುಕ್ಕಿ ಕುಳಿ, ಬಲೆ, ಗೆರೆ, ಸುಕ್ಕು ಎಲ್ಲದಕ್ಕೂ ಫೋಟೋ ಜೊತೆ. ಅದು ಇವತ್ತಿಗೂ ನನ್ನ ಮೇಜಿನ ಮೇಲಿದೆ. ಇರುವೆಯವರಿಗೆ ನಿಜವಾದ ನೆಲೆ ಸಿಕ್ಕಿದ್ದು ಲಂಡನ್ನಿನ ಬ್ಯಾರಿ ಬೋಲ್ಟನ್ ಅವರಿಂದ. 1994ರ ಅವರ ಕುಲಗಳ ಕೈಪಿಡಿಯ ಹಿಂದೆ ಇರೋ ಪದವಿವರಣೆ ಓದಿದ್ರೆ, ಗ್ಯಾಸ್ಟರ್ ಅನ್ನೋದು ಅನುಕೂಲಕ್ಕೆ ಮಾತ್ರ, ನಿಖರವಾಗಿ ಹೇಳಬೇಕಾದಾಗ ಹೊಟ್ಟೆಯ ಖಂಡದ ಸಂಖ್ಯೆ ಹೇಳಿ ಅನ್ನೋ ಶಿಸ್ತು ಮನಸ್ಸಿಗೆ ಕೂರತ್ತೆ. ನನ್ನ ಟೇಬಲ್ ಮಾಡೋ ಮೊದಲು ಅದನ್ನ ಸರಿಯಾಗಿ ಓದಿದ್ರೆ ನಾಲ್ಕು ತಿಂಗಳು ಉಳಿಯೋದು.

ಆಮೇಲೆ 2010ರಲ್ಲಿ ಇರುವೆ, ಜೇನು, ಕಣಜ ಎಲ್ಲಾ ಸೇರಿದ ಇಡೀ ಹೈಮೆನಾಪ್ಟೆರಾಗೆ ಒಂದು ಅಂಗರಚನಾ ಆಂಟಾಲಜಿ ಬಂತು. ಅದರ ಯೋಚನೆ ನನಗೆ ತುಂಬಾ ಇಷ್ಟ. ಇದೊಂದೇ ಪದ ಬಳಸಿ ಅಂತ ಯಾರ ಬಾಯನ್ನೂ ಕಟ್ಟಲ್ಲ ಅದು. ಅಂಗಕ್ಕೆ ಒಂದು ವ್ಯಾಖ್ಯೆ, ಒಂದು ಗುರುತು ಸಂಖ್ಯೆ, ಆಮೇಲೆ ಯಾರ್ಯಾರು ಅದನ್ನ ಏನೇನು ಕರೆದಿದ್ದಾರೋ ಎಲ್ಲಾ ಅದರ ಕೆಳಗೆ. ಪ್ರೊಪೋಡಿಯಮ್ ಅನ್ನಿ, ಎಪಿನೋಟಮ್ ಅನ್ನಿ, ಹೋಗಿ ನಿಲ್ಲೋದು ಒಂದೇ ಬಾಗಿಲಿಗೆ. ಒಂದೇ ಪದ ಎರಡು ಅಂಗಕ್ಕಿದ್ರೆ ಅದೂ ಅಲ್ಲೇ ಗೊತ್ತಾಗತ್ತೆ. ಹಳೇ ಪುಸ್ತಕಗಳನ್ನ ಬಿಸಾಕದೆ, ಅವರು ತಪ್ಪು ಅಂತಲೂ ಅನ್ನದೆ, ಓದೋ ದಾರಿ ಮಾಡಿಕೊಡತ್ತೆ. ಎಲ್ಲರಿಗೂ ಒಂದೇ ಪದ ಅಂತ ಹಠ ಹಿಡಿಯೋರ ಜೊತೆ ನಾನು ಒಪ್ಪಲ್ಲ, ನನ್ನ ಪ್ರಕಾರ ಪ್ರತಿ ಲೇಖನದಲ್ಲಿ ನಾನು ಈ ಪದವನ್ನ ಈ ಅರ್ಥದಲ್ಲಿ ಬಳಸಿದೀನಿ ಅಂತ ಒಂದು ಸಾಲು ಇದ್ರೆ ಅರ್ಧ ಜಗಳ ಮುಗಿಯತ್ತೆ.

ಈಗ ಫೋಟೋ ಇದೆಯಲ್ಲ, ಪದ ಯಾಕೆ ಬೇಕು ಅಂತ ಕೇಳೋರು ಇದಾರೆ. ಕ್ಯಾಲಿಫೋರ್ನಿಯಾದ ಬ್ರಯನ್ ಫಿಶರ್ ಶುರು ಮಾಡಿದ ಆಂಟ್‌ವೆಬ್‌ನಲ್ಲಿ ಸಾವಿರಾರು ಇರುವೆಗಳ ಫೋಟೋ ಇದೆ, ಎಲ್ಲದಕ್ಕೂ ಅದೇ ಮೂರು ನೋಟ, ಮುಖ, ಪಕ್ಕ, ಬೆನ್ನು, ಜೊತೆಗೆ ಚೀಟಿಯ ಫೋಟೋ. ಆ ಶಿಸ್ತಿಗೆ ಕೈ ಮುಗೀಬೇಕು, ಹಳ್ಳಿಯಲ್ಲಿ ಕೂತು ಯುರೋಪಿನ ಮ್ಯೂಸಿಯಂನ ಟೈಪ್ ಮಾದರಿ, ಅಂದ್ರೆ ಜಾತಿಗೆ ಹೆಸರಿಡುವಾಗ ಆಧಾರವಾಗಿಟ್ಟ ಮಾದರಿ, ನೋಡೋ ಭಾಗ್ಯ ನಮಗೆ ಬಂದಿದ್ದು ಅದರಿಂದಲೇ. ಆದ್ರೆ ಫೋಟೋ ಎಲ್ಲವನ್ನೂ ಒಟ್ಟಿಗೆ ತೋರಿಸತ್ತೆ, ಯಾವುದನ್ನ ನೋಡಬೇಕು ಅಂತ ಹೇಳಲ್ಲ. ಎರಡು ವರ್ಷದ ಹಿಂದೆ, 2024ರಲ್ಲಿ, ಬೆಂಗಳೂರಿನ ಏಟ್ರಿ ಸಂಸ್ಥೆಯ ಸಹನಾಶ್ರೀ ಮತ್ತು ಜೊತೆಗಾರರು ಅರುಣಾಚಲದ ಸಿಯಾಂಗ್ ಕಣಿವೆಯಿಂದ ನೀಲಿ ಇರುವೆ ವಿವರಿಸಿದ್ರಲ್ಲ, ಪ್ಯಾರಾಪ್ಯಾರಾಟ್ರೆಕಿನಾ ನೀಲಾ, ಎರಡು ಮಿಲಿಮೀಟರಿಗಿಂತ ಚಿಕ್ಕದು. ಫೋಟೋ ಎಲ್ಲಾ ಕಡೆ ಓಡಾಡ್ತು, ಎಲ್ಲರೂ ನೋಡಿದ್ದು ಆ ಲೋಹದಂಥ ನೀಲಿ ಬಣ್ಣ. ನೋಡಲೇಬೇಕಾದ ಬಣ್ಣವೇ ಅದು, ಆದ್ರೆ ವಿವರಣೆ ಓದಿದ್ರೆ ತಲೆ ಹೆಚ್ಚುಕಮ್ಮಿ ತ್ರಿಕೋನ, ದವಡೆಗೆ ಐದು ಹಲ್ಲು, ಮೀಸೆ ಕಾಲು ದವಡೆಗೆ ಆ ನೀಲಿ ಇಲ್ಲ ಅಂತ ಒಂದೊಂದೇ ಅಂಗ ಹಿಡಿದು ಹೇಳಿದಾರೆ. ಆಮೇಲೆ ಮತ್ತೆ ಫೋಟೋ ನೋಡಿದೆ, ಆಗ ಹಲ್ಲು ಕಂಡ್ತು.

ಪದ ಗಟ್ಟಿಯಾದ್ರೆ ಮುಂದೆ ಎಷ್ಟು ದೂರ ಹೋಗಬಹುದು ಅನ್ನೋಕೆ ಇನ್ನೊಂದು. 2020ರಲ್ಲಿ ಪೀಟರ್ಸ್, ಕೆಲ್ಲರ್ ಮತ್ತು ಜೊತೆಗಾರರು ಇರುವೆಗಳ ಎದೆಯನ್ನ ಎಕ್ಸ್‌ರೇ ಸ್ಕ್ಯಾನ್ ಮಾಡಿ, ಒಳಗಿನ ಸ್ನಾಯು ಒಂದೊಂದನ್ನೂ ಯಾವ ಖಂಡದ್ದು ಅಂತ ಗುರುತು ಹಾಕಿ ನೋಡಿದ್ರು. ರಾಣಿಯಲ್ಲಿ ರೆಕ್ಕೆ ಬಡಿಯೋ ದೊಡ್ಡ ಸ್ನಾಯು ಇರೋ ಜಾಗ ಕೆಲಸದ ಇರುವೆಯಲ್ಲಿ ಸುಮ್ಮನೆ ಖಾಲಿ ಬಿದ್ದಿಲ್ಲ, ಕತ್ತಿನ ಸ್ನಾಯು ಅಲ್ಲಿಗೆ ಹಬ್ಬಿ ದಪ್ಪ ಆಗಿದೆ, ಎದೆಯ ಮೊದಲ ಖಂಡ ದೊಡ್ಡದಾಗಿದೆ. ತನಗಿಂತ ಎಷ್ಟೋ ಪಟ್ಟು ಭಾರ ಬಾಯಲ್ಲಿ ಕಚ್ಚಿ ಎತ್ತೋ ಶಕ್ತಿಗೆ ಕತ್ತೇ ಆಧಾರ. ರೆಕ್ಕೆ ಕಳಕೊಂಡಿದ್ದು ನಷ್ಟ ಅಂತ ನಾವು ಅಂದ್ಕೊಂಡಿದ್ವಿ. ಇದು ಯಾವ ಖಂಡ, ಅದು ಯಾವ ಖಂಡ ಅನ್ನೋದು ಮೊದಲೇ ಇತ್ಯರ್ಥ ಆಗದೇ ಇದ್ದಿದ್ರೆ ಈ ಮಾತು ಹೇಳೋಕೆ ಸಾಧ್ಯವೇ ಇರ್ತಿರಲಿಲ್ಲ.

ಬಸ್ಸಿಂದ ಇಳಿದು ಮನೆಗೆ ಬಂದ ರಾತ್ರಿಯೇ ಮಕ್ಕಳಿಗೆ ಒಂದು ಹಾಳೆ ತಯಾರು ಮಾಡೋಕೆ ಕೂತೆ, ಇರುವೆ ಚಿತ್ರ, ಬಾಣ, ಕನ್ನಡದಲ್ಲಿ ಹೆಸರು. ಎರಡು ಗಂಟೆಯಲ್ಲಿ ಮುಗಿಯೋ ಕೆಲಸ ಅಂದ್ಕೊಂಡಿದ್ದೆ.

ಮೊದಲು ಪುಸ್ತಕದ ಪದಗಳನ್ನೇ ಇಟ್ಟೆ, ಶಿರ, ವಕ್ಷ, ಉದರ, ಸ್ಪರ್ಶಾಂಗ. ನೋಡೋಕೆ ಗಂಭೀರವಾಗಿದೆ ಆದ್ರೆ ವಕ್ಷ ಅಂದ್ರೂ ಥೋರಾಕ್ಸೇ, ಅದೇ ತಪ್ಪು ಸಂಸ್ಕೃತದಲ್ಲಿ. ಮೀಸೋಸೋಮಕ್ಕೆ ನಡುಮೈ ಅಂತ ಬರೆದೆ, ಎಷ್ಟು ಚೆಂದ ಇದೆ ಅಂತ ಖುಷಿಪಟ್ಟೆ, ಬೆಳಗ್ಗೆ ಎದ್ದು ನೋಡಿದ್ರೆ ನಡು ಅಂದ್ರೆ ನಮ್ಮಲ್ಲಿ ಸೊಂಟ! ಮಕ್ಕಳು ನಡುಮೈ ಅಂದ ಕೂಡಲೇ ಗಂಟಿನ ಮೇಲೆ ಬೆರಳಿಡ್ತಾರೆ, ಬಿಂಗ್‌ಹ್ಯಾಮ್ ನನಗೆ ಮಾಡಿದ್ದನ್ನ ನಾನು ಅವರಿಗೆ ಮಾಡಿದ ಹಾಗಾಗತ್ತೆ. ಹೊಡೆದು ಹಾಕಿದೆ. ಪೆಟಿಯೋಲ್‌ಗೆ ತೊಟ್ಟು ಅಂತ ಇಟ್ಟೆ, ಎಲೆಯ ಪೆಟಿಯೋಲ್‌ಗೂ ನಾವು ತೊಟ್ಟು ಅಂತಲೇ ಅನ್ನೋದು, ಅದು ಸರಿ ಕೂತಿದೆ. ತೊಟ್ಟಿನ ಮೇಲೆ ಉಬ್ಬಿರೋ ಗಂಟಿಗೆ ಗೆಣ್ಣು, ಕಬ್ಬಿನ ಗೆಣ್ಣು ನೋಡದ ಮಗು ಆ ಕಡೆ ಇಲ್ಲ. ಮೀಸೆ ಮೀಸೆಯೇ, ದವಡೆ ದವಡೆಯೇ. ಗ್ಯಾಸ್ಟರ್ ಹಾಗೇ ಬಿಟ್ಟೆ, ಬಸ್ಸು, ಸ್ಕೂಲು ಅಂದ ಹಾಗೆ ಅದನ್ನೂ ಅಂತಾರೆ. ಅದರ ಪಟ್ಟಿಗಳಿಗೆ ಮಾತ್ರ ಹುಟ್ಟಿನ ಸಂಖ್ಯೆಯನ್ನೇ ಹಾಕಿದೆ, ಗೊದ್ದದ ಚಿತ್ರದಲ್ಲಿ 3ರಿಂದ 7, ಫೀಡೋಲೆ ಚಿತ್ರದಲ್ಲಿ 4ರಿಂದ 7. ಯಾಕೆ 1 ಇಲ್ಲಿಲ್ಲ ಅಂತ ಅವರೇ ಕೇಳಲಿ.

ಶನಿವಾರ ಮತ್ತೆ ಹೋದೆ. ಆ ಹುಡುಗಿಯನ್ನೇ ಮೊದಲು ಕರೆದೆ, ಅವತ್ತು ನಾನು ಸರಿ ಅಂದಿದ್ದು ಸರಿ ಅಲ್ಲ ಅಂತ ಹೇಳಿ, ದತ್ತು ಹೋದ ಕಥೆ ಹೇಳಿದೆ. ಅವಳು ಗೊದ್ದ ನೋಡಿದ್ಲು, ಹಾಳೆ ನೋಡಿದ್ಲು, ಮತ್ತೆ ಗೊದ್ದ ನೋಡಿದ್ಲು. "ಅದರ ಪಕ್ಕದಲ್ಲಿ ಒಂದು ತೂತು ಇದೆ ಮಿಸ್" ಅಂದ್ಲು. ಇದೆ, ಪ್ರೊಪೋಡಿಯಮ್‌ನ ಉಸಿರುರಂಧ್ರ ಅದು, ನಾನು ತೋರಿಸಿರಲಿಲ್ಲ. ಆಮೇಲೆ, "ಮೂರು ಜೊತೆ ಕಾಲು ಇದೆ, ಈ ತುಂಡಿಗೆ ಕಾಲೇ ಇಲ್ಲ, ಮೂರನೇ ಜೊತೆ ಅದರ ಮುಂದಿನದಕ್ಕೆ ಸೇರಿದ್ದು" ಅಂತ ಅವಳೇ ಹೇಳಿದ್ಲು. ಎದೆಯ ಖಂಡಕ್ಕೆ ಒಂದೊಂದು ಜೊತೆ ಕಾಲು, ಹೊಟ್ಟೆಯ ಖಂಡಕ್ಕೆ ಕಾಲಿಲ್ಲ, ನಮಗೆ ಎಂಎಸ್ಸಿಯಲ್ಲಿ ಹೇಳಿಕೊಟ್ಟ ವಾದ ಅದು.

ಇದಕ್ಕೆ ಏನಂತ ಹೆಸರಿಡೋಣ ಅಂತ ಕೇಳಿದೆ. ಮಕ್ಕಳೆಲ್ಲಾ ಸೇರಿ ಹತ್ತು ಹನ್ನೆರಡು ಹೇಳಿದ್ರು, ದತ್ತುಮಗ ಅಂತ ಒಬ್ಬ, ಬೆನ್ನುಹೊಟ್ಟೆ ಅಂತ ಇನ್ನೊಬ್ಬ, ಅವಳು ಏನೂ ಹೇಳಲಿಲ್ಲ. ಯಾವುದೂ ಇನ್ನೂ ಪೂರ್ತಿ ಕೂತಿಲ್ಲ. ಹಾಳೆಯಲ್ಲಿ ಆ ಬಾಣದ ತುದಿಗೆ ಸದ್ಯಕ್ಕೆ 1 ಅಂತ ಮಾತ್ರ ಇದೆ, ಪಕ್ಕದಲ್ಲಿ ಬರೆಯೋಕೆ ಜಾಗ ಬಿಟ್ಟಿದೀನಿ.